ರೆಗ್ಯುಲರೋ ಪ್ರೀಮಿಯಮೋ? ಲಕ್ಸುರಿ ಸೆಡಾನ್‌ನ ನಿಜವಾದ ಮೈಲೇಜ್ ನೀವೇ ಅಳೆಯುವ ಸಮಗ್ರ ಮಾರ್ಗದರ್ಶಿ

"ಒಂದು ಟ್ಯಾಂಕ್ ಪ್ರೀಮಿಯಂ ಪೆಟ್ರೋಲ್ ಹಾಕಿದೆ, ಮೈಲೇಜ್ ಎರಡು ಜಾಸ್ತಿ ಬಂತು." "ನಾನೂ ಹಾಕಿ ನೋಡಿದೆ, ಏನೂ ವ್ಯತ್ಯಾಸ ಇಲ್ಲ." ಅಮೆರಿಕದಲ್ಲಿರುವ ನಮ್ಮವರು ನಾಲ್ಕು ಜನ ಊಟಕ್ಕೆ ಸೇರಿದರೆ ಈ ಎರಡೂ ಮಾತು ಒಂದೇ ಪಂಕ್ತಿಯಲ್ಲಿ ಕೇಳಿಸುತ್ತವೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಒಬ್ಬರು ಅಳೆದಿದ್ದು ಆ ವಾರದ ಹವೆಯನ್ನು, ಇನ್ನೊಬ್ಬರು ಅಳೆದಿದ್ದು ಬಂಕಿನ ನೆಲದ ಇಳಿಜಾರನ್ನು.

ನಾನೂ ಎರಡು ಸಲ ಹೀಗೇ ಅಳೆದು ಕೈಸುಟ್ಟುಕೊಂಡವನು. ಮೂರನೇ ಸಲ ಸರಿಹೋಗಿದ್ದು, ಕೆಲಸದ ಕ್ರಮ ಬದಲಾಯಿಸಿದ ಮೇಲೆ. ಆ ಕ್ರಮ ಇಲ್ಲಿದೆ. ರೆಗ್ಯುಲರ್ ಅಂದರೆ ಸಾಮಾನ್ಯವಾಗಿ 87 ಆಕ್ಟೇನ್ ಸಂಖ್ಯೆಯ ಪೆಟ್ರೋಲ್, ಪ್ರೀಮಿಯಂ ಅಂದರೆ 91 ಅಥವಾ 93ರ ದುಬಾರಿ ಪೆಟ್ರೋಲ್. ಇಲ್ಲಿನವರು ಪೆಟ್ರೋಲಿಗೆ ಗ್ಯಾಸ್ ಅಂತಾರೆ. ನನಗೆ ಗ್ಯಾಸ್ ಅಂದರೆ ಇನ್ನೂ ಅಡುಗೆಮನೆ ಸಿಲಿಂಡರೇ, ಹಾಗಾಗಿ ಪೆಟ್ರೋಲ್ ಅಂತಲೇ ಬರೆಯುತ್ತೇನೆ.

## ಬೇಕಾಗುವ ಸಾಮಾನು

ಒಂದು ಸಣ್ಣ ನೋಟ್‌ಬುಕ್, ಅದಕ್ಕೇ ದಾರದಲ್ಲಿ ಕಟ್ಟಿದ ಪೆನ್ನು, ಟೈರ್ ಗಾಳಿ ನೋಡುವ ಗೇಜ್, ಕಾರಿನ ಮ್ಯಾನ್ಯುಯಲ್. ಇಷ್ಟೇ. ಆ್ಯಪ್ ಬೇಕಿದ್ದರೆ ಹಾಕಿಕೊಳ್ಳಿ. ಆದರೆ ಬಂಕಿನಲ್ಲಿ ನಿಂತಾಗಲೇ ಬರೆಯದಿದ್ದರೆ ಯಾವ ಆ್ಯಪ್ ಇದ್ದರೂ ಉಪಯೋಗವಿಲ್ಲ. ಮನೆಗೆ ಹೋಗಿ ಬರೆದುಕೊಳ್ತೀನಿ ಅಂದುಕೊಂಡ ಸಂಖ್ಯೆ ಮನೆ ತಲುಪುವುದಿಲ್ಲ.

ಜೊತೆಗೆ ಎರಡು, ಎರಡೂವರೆ ತಿಂಗಳ ತಾಳ್ಮೆ ಬೇಕು.

## ಹಂತ 1: ಮೊದಲು ಟ್ಯಾಂಕ್ ಮುಚ್ಚಳದ ಒಳಗೆ ಓದಿ

ಮುಚ್ಚಳ ತೆರೆದರೆ ಒಳಗೊಂದು ಸ್ಟಿಕ್ಕರ್ ಇರುತ್ತದೆ. ಅಲ್ಲಿ, ಇಲ್ಲವೇ ಮ್ಯಾನ್ಯುಯಲ್‌ನಲ್ಲಿ, ಹುಡುಕಬೇಕಾದ್ದು ಒಂದೇ ಪದ. ಪ್ರೀಮಿಯಂ 'ರಿಕ್ವೈರ್ಡ್' ಅಂತಿದೆಯೋ, 'ರೆಕಮೆಂಡೆಡ್' ಅಂತಿದೆಯೋ, ಅಥವಾ ಸುಮ್ಮನೆ 87 ಅಂತಿದೆಯೋ?

'ರಿಕ್ವೈರ್ಡ್' ಅಂತಿದ್ದರೆ ಈ ಪರೀಕ್ಷೆ ನಿಮಗಲ್ಲ. ಪ್ರೀಮಿಯಂ ಹಾಕಿ. ಕಾಸು ಉಳಿಸುವ ಪ್ರಯೋಗವನ್ನು ಆ ಇಂಜಿನ್ ಮೇಲೆ ಮಾಡಬೇಡಿ. ತಪ್ಪು ಪೆಟ್ರೋಲಿನಿಂದ ಇಂಜಿನ್ ಹಾಳಾದರೆ ವಾರಂಟಿ ಕೈಬಿಡಬಹುದು.

87 ಸಾಕು ಅಂತಿದ್ದರೂ ಪರೀಕ್ಷೆ ಬೇಡ, 87 ಹಾಕಿ. ಲಕ್ಸುರಿ ಕಾರು ಅಂದ ಮಾತ್ರಕ್ಕೆ ಪ್ರೀಮಿಯಮ್ಮೇ ಕುಡಿಯಬೇಕು ಅಂತೇನಿಲ್ಲ. 2019ರ ಲೆಕ್ಸಸ್ ಇಎಸ್ 350 ನೋಡಿ, 302 ಅಶ್ವಶಕ್ತಿಯ ವಿ6 ಇದ್ದೂ ಅದಕ್ಕೆ ರೆಗ್ಯುಲರ್ ಸಾಕು. ಇಂಥ ಕಾರಿಗೆ ಪ್ರೀಮಿಯಂ ಹಾಕಿದರೆ ಏನೂ ಸಿಗುವುದಿಲ್ಲ ಅಂತ ಅಮೆರಿಕದ ವಾಹನ ಸವಾರರ ಸಂಘ ಎಎಎ 2016ರಲ್ಲೇ ಪರೀಕ್ಷಿಸಿ ಹೇಳಿದೆ. ಹೀಗೆ ಸುಮ್ನೆ ಪ್ರೀಮಿಯಂ ಹಾಕಿ ಒಂದು ವರ್ಷದಲ್ಲಿ ಕಳೆದ ದುಡ್ಡು 210 ಕೋಟಿ ಡಾಲರ್‌ಗೂ ಜಾಸ್ತಿ ಅನ್ನೋದು ಅವರ ಅಂದಾಜು.

ಉಳಿದವರು 'ರೆಕಮೆಂಡೆಡ್' ಗುಂಪಿನವರು. ಜಗಳ ನಡೆಯುವುದೆಲ್ಲ ಇಲ್ಲೇ. ಮುಂದಿನ ಹಂತಗಳು ಇವರಿಗೆ ಮಾತ್ರ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಟ್ಟು ಮುಂದೆ ಹೋಗೋಣ. ಆಕ್ಟೇನ್ ಅಂದರೆ ಪೆಟ್ರೋಲಿನಲ್ಲಿರುವ ಶಕ್ತಿ ಅಲ್ಲ. ಸಿಲಿಂಡರಿನೊಳಗೆ ಒತ್ತಡ ಮತ್ತು ಬಿಸಿ ಏರಿದಾಗ, ಕಿಡಿ ಹಚ್ಚಿದ ಬೆಂಕಿ ತಲುಪುವ ಮೊದಲೇ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣ, ಅಷ್ಟೆ. ತಡೆದುಕೊಳ್ಳದಿದ್ದರೆ ನಾಕಿಂಗ್ ಆಗುತ್ತದೆ. ಈಗಿನ ಕಾರುಗಳಲ್ಲಿ ಅದನ್ನು ಕೇಳಿಸಿಕೊಳ್ಳುವ ಸೆನ್ಸರ್ ಇದೆ. ಕೇಳಿದ ತಕ್ಷಣ ಕಂಪ್ಯೂಟರ್ ಕಿಡಿ ಹಾರಿಸುವುದನ್ನು ಒಂಚೂರು ತಡಮಾಡುತ್ತದೆ. ಇಂಜಿನ್ ಉಳಿಯುತ್ತದೆ, ಪಿಕಪ್ ಮತ್ತು ಮೈಲೇಜ್ ಸ್ವಲ್ಪ ಹೋಗುತ್ತದೆ. ಆ 'ಸ್ವಲ್ಪ' ನಿಮ್ಮ ಕಾರಲ್ಲಿ, ನೀವು ಓಡಾಡುವ ದಾರಿಯಲ್ಲಿ ಎಷ್ಟು? ಅದನ್ನೇ ಈಗ ಅಳೆಯಬೇಕು.

## ಹಂತ 2: ಅಳೆಯುವ ಮೊದಲೇ ಗೆಲುವಿನ ಗೆರೆ ಎಳೆಯಿರಿ

ಹೆಚ್ಚಿನವರು ಇದನ್ನು ಕೊನೆಗೆ ಮಾಡುತ್ತಾರೆ, ಅಥವಾ ಮಾಡುವುದೇ ಇಲ್ಲ. ಪ್ರೀಮಿಯಂ ಬೆಲೆಯನ್ನು ರೆಗ್ಯುಲರ್ ಬೆಲೆಯಿಂದ ಭಾಗಿಸಿ. ಗ್ಯಾಲನ್‌ಗೆ 4.50 ಮತ್ತು 4.95 ಡಾಲರ್ ಇದ್ದರೆ ವ್ಯತ್ಯಾಸ ಶೇ. 10. ಅಂದರೆ ಮೈಲೇಜ್ ಶೇ. 10 ಜಾಸ್ತಿ ಬಂದರೆ ಮಾತ್ರ ಹಾಕಿದ ದುಡ್ಡು ವಾಪಸ್. ನಿಮ್ಮೂರಲ್ಲಿ 3.00 ಮತ್ತು 3.90 ಇದ್ದರೆ ಗೆರೆ ಶೇ. 30ಕ್ಕೆ ಹೋಯಿತು.

ಈಗ ಇದನ್ನು ನೋಡಿ. ಪ್ರೀಮಿಯಂ 'ರೆಕಮೆಂಡೆಡ್' ಆಗಿದ್ದ ಕಾರುಗಳನ್ನು ಎಎಎ 2017ರಲ್ಲಿ ಪರೀಕ್ಷಿಸಿತು. ಮೈಲೇಜ್ ಸರಾಸರಿ ಶೇ. 2.7 ಏರಿತು. ಅತಿ ಹೆಚ್ಚು ಗಳಿಸಿದ ಕಾರಲ್ಲಿ ಶೇ. 7.1. ಒಂದು ಕಾರಲ್ಲಂತೂ ಶೇ. 1ರಷ್ಟು ಇಳಿಯಿತು. ಮೇಲಿನ ಎರಡೂ ಗೆರೆ ಇದಕ್ಕಿಂತ ಎತ್ತರದಲ್ಲಿವೆ.

ಹಾಗಾದರೆ ಅಳೆಯೋದು ಯಾಕೆ ಅಂತ ಕೇಳಬಹುದು. ಲಾಭ ಬರುತ್ತದಾ ಅನ್ನೋದಕ್ಕೆ ಉತ್ತರ ಬಹುತೇಕ ಈಗಲೇ ಗೊತ್ತಾಯಿತು: ಇಲ್ಲ. ಗೊತ್ತಿಲ್ಲದ್ದು, ಪ್ರೀಮಿಯಂ ಹಾಕಿದರೆ ವರ್ಷಕ್ಕೆ ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ ಅನ್ನೋದು. ಅದು 100 ಡಾಲರೋ 400 ಡಾಲರೋ ಅಂತ ತಿಳಿದರೆ, ಆ ಪಿಕಪ್‌ಗೆ ಅಷ್ಟು ಕೊಡಬಹುದಾ ಅಂತ ನೀವೇ ತೀರ್ಮಾನಿಸಬಹುದು.

## ಹಂತ 3: ಕಾರನ್ನು ಒಂದು ಸ್ಥಿತಿಗೆ ತನ್ನಿ

ನಾವು ಹುಡುಕುತ್ತಿರುವುದು ಎರಡು ಮೂರು ಪರ್ಸೆಂಟ್ ವ್ಯತ್ಯಾಸ. ಟೈರ್ ಗಾಳಿ ಒಂದೇ ಅಷ್ಟನ್ನು ನುಂಗಿಬಿಡಬಹುದು. ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಬರೆದಿರುವಷ್ಟು ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ತುಂಬಿಸಿ. ಪರೀಕ್ಷೆ ಮುಗಿಯುವ ತನಕ ಎರಡು ವಾರಕ್ಕೊಮ್ಮೆ ನೋಡುತ್ತಿರಿ. ಆಯಿಲ್ ಬದಲಿಸುವುದಿದ್ದರೆ ಈಗಲೇ ಬದಲಿಸಿ, ಮಧ್ಯದಲ್ಲಿ ಬೇಡ. ಡಿಕ್ಕಿಯಲ್ಲಿ ಆರು ತಿಂಗಳಿಂದ ಮಲಗಿರುವ ಅಕ್ಕಿ ಮೂಟೆ ಇಳಿಸಿ, ಇಲ್ಲವೇ ಕೊನೆವರೆಗೂ ಅಲ್ಲೇ ಇರಲಿ.

ಕಾಲವೂ ಮುಖ್ಯ. ಅಮೆರಿಕದಲ್ಲಿ ಬೇಸಿಗೆ ಪೆಟ್ರೋಲ್ ಬೇರೆ, ಚಳಿಗಾಲದ ಪೆಟ್ರೋಲ್ ಬೇರೆ. ಬಂಕುಗಳಿಗೆ ಬೇಸಿಗೆ ನಿಯಮ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ. ಚಳಿಗಾಲದ ಮಿಶ್ರಣದಲ್ಲಿ ಶಕ್ತಿ ಸ್ವಲ್ಪ ಕಡಿಮೆ. ಚಳಿಯಲ್ಲಿ ಇಂಜಿನ್ ಬಿಸಿಯಾಗುವುದೂ ತಡ. ನನ್ನ ಮೊದಲ ಪರೀಕ್ಷೆ ಹಾಳಾಗಿದ್ದು ಹೀಗೇ. ಸೆಪ್ಟೆಂಬರ್‌ನಲ್ಲಿ ರೆಗ್ಯುಲರ್ ಅಳೆದೆ, ನವೆಂಬರ್‌ನಲ್ಲಿ ಪ್ರೀಮಿಯಂ. ಪ್ರೀಮಿಯಮ್ಮೇ ಕಡಿಮೆ ಮೈಲೇಜ್ ಕೊಡ್ತು ಅಂತ ಹತ್ತು ಜನರ ಮುಂದೆ ಹೇಳಿಕೊಂಡು ಬಂದೆ.

ಒಂದೇ ಬ್ರ್ಯಾಂಡ್, ಒಂದೇ ಬಂಕ್. ಇಲ್ಲಿನ ಹೆಚ್ಚಿನ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಇಲ್ಲದ ಪೆಟ್ರೋಲಿಗಿಂತ ಇದರಲ್ಲಿ ಮೈಲೇಜ್ ಸುಮಾರು ಶೇ. 3 ಕಡಿಮೆ. ಒಂದರಲ್ಲಿ ಎಥನಾಲ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ನೀವು ಅಳೆಯುವುದು ಎಥನಾಲನ್ನೇ.

## ಹಂತ 4: ತುಂಬಿಸುವ ಕೈ ಒಂದೇ ಥರ ಇರಲಿ

ಎಲ್ಲರೂ ಎಡವುವ ಜಾಗ ಇದು. ಸ್ವಲ್ಪ ನಿಧಾನವಾಗಿ ಓದಿ.

ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ನಂಬಬೇಡಿ. ಅದು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನೋದರ ಮೇಲೆ ಮಾಡಿದ ಅಂದಾಜು. ನನ್ನ ಸೆಡಾನ್ ಗ್ಯಾಲನ್‌ಗೆ 29 ಮೈಲಿ ಅಂತ ನಗುತ್ತಾ ತೋರಿಸುವಾಗ ನೋಟ್‌ಬುಕ್ಕಿನಲ್ಲಿ 27 ಇರುತ್ತದೆ. ಟ್ಯಾಂಕಿಂದ ಟ್ಯಾಂಕಿಗೆ ಅಳೆಯುವುದೊಂದೇ ದಾರಿ.

ಪ್ರತಿ ಸಲ ಅದೇ ಪಂಪ್, ಕಾರಿನ ಮುಖ ಅದೇ ದಿಕ್ಕಿಗೆ. ಬಂಕಿನ ನೆಲ ಚಪ್ಪಟೆ ಕಾಣುತ್ತದೆ, ಇರುವುದಿಲ್ಲ. ಮಳೆ ನೀರು ಹರಿಯಲಿ ಅಂತ ವಾಟ ಕೊಟ್ಟಿರುತ್ತಾರೆ. ಕಾರು ಒಂಚೂರು ವಾಲಿದರೂ ನಾಜಲ್ ಬೇಗ ಅಥವಾ ತಡವಾಗಿ ನಿಲ್ಲುತ್ತದೆ.

ನಾಜಲ್ ಹಿಡಿಯನ್ನು ಅದೇ ವೇಗದ ಕೊಕ್ಕೆಗೆ ಸಿಕ್ಕಿಸಿ. ಮೊದಲ ಕ್ಲಿಕ್ ಕೇಳಿದ ತಕ್ಷಣ ನಿಲ್ಲಿಸಿ. 'ರೌಂಡ್ ಫಿಗರ್ ಆಗ್ಲಿ' ಅಂತ ಇನ್ನೆರಡು ಸಲ ಒತ್ತುವ ಚಟ ನಮ್ಮಲ್ಲಿ ಬಹಳ ಜನಕ್ಕಿದೆ. ಇದರಿಂದ ಲೆಕ್ಕ ಕೆಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಪೆಟ್ರೋಲ್ ಆವಿ ಹೀರಿಕೊಳ್ಳುವ ಇದ್ದಿಲು ಡಬ್ಬಿಗೆ ದ್ರವವೇ ನುಗ್ಗಿ ಅದು ಹಾಳಾಗಬಹುದು. ನ್ಯೂಜೆರ್ಸಿಯಲ್ಲಿರುವವರಿಗೆ ಇಲ್ಲೊಂದು ತೊಡಕು. ಅಲ್ಲಿ ನೀವೇ ತುಂಬಿಸಿಕೊಳ್ಳುವ ಹಾಗಿಲ್ಲ. ಬಂಕಿನ ಹುಡುಗನಿಗೆ ಮೊದಲ ಕ್ಲಿಕ್‌ಗೆ ನಿಲ್ಲಿಸು ಅಂತ ಮುಂಚೆಯೇ ಹೇಳಿ, ಪಕ್ಕದಲ್ಲೇ ನಿಂತಿರಿ.

ಒಂದು ಕ್ಲಿಕ್ಕಿಗೂ ಇನ್ನೊಂದಕ್ಕೂ 0.3 ಗ್ಯಾಲನ್ ಹೆಚ್ಚುಕಮ್ಮಿ ಆದರೆ, 13 ಗ್ಯಾಲನ್‌ನಲ್ಲಿ ಅದು ಶೇ. 2.3. ನಾವು ಹುಡುಕುತ್ತಿರುವುದೂ ಹೆಚ್ಚುಕಡಿಮೆ ಅಷ್ಟೇ, ಅಲ್ವಾ? ಒಂದೇ ಟ್ಯಾಂಕಿನ ಪರೀಕ್ಷೆಗೆ ಬೆಲೆ ಇಲ್ಲದಿರುವುದು ಇದಕ್ಕೇ. ಮೂರು ಟ್ಯಾಂಕನ್ನು ಒಟ್ಟಿಗೆ ಕೂಡಿದರೆ ಮಧ್ಯದ ಕ್ಲಿಕ್‌ಗಳ ತಪ್ಪು ಒಂದನ್ನೊಂದು ಹೊಡೆದುಹಾಕುತ್ತದೆ. ಮೊದಲನೆಯದು ಮತ್ತು ಕೊನೆಯದರ ತಪ್ಪು ಮಾತ್ರ ಉಳಿಯುತ್ತದೆ. ಅದೇ 0.3 ಗ್ಯಾಲನ್ ಈಗ 38 ಗ್ಯಾಲನ್‌ನಲ್ಲಿ ಹಂಚಿಹೋಗಿ ಶೇ. 0.8ಕ್ಕೆ ಇಳಿಯುತ್ತದೆ.

## ಹಂತ 5: ಟ್ಯಾಂಕುಗಳ ಸರದಿ

ಈಗ ರೆಗ್ಯುಲರ್‌ನಲ್ಲೇ ಓಡುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಸರದಿ ಹೀಗಿರಲಿ:

1. ರೆಗ್ಯುಲರ್ ಮೂರು ಟ್ಯಾಂಕ್, ಮೂರೂ ಲೆಕ್ಕಕ್ಕೆ.
2. ಪ್ರೀಮಿಯಂ ಒಂದು ಟ್ಯಾಂಕ್, ಲೆಕ್ಕಕ್ಕಿಲ್ಲ. ಇದು ತೊಳೆಯುವ ಟ್ಯಾಂಕ್.
3. ಪ್ರೀಮಿಯಂ ಮೂರು ಟ್ಯಾಂಕ್, ಲೆಕ್ಕಕ್ಕೆ.
4. ಮತ್ತೆ ರೆಗ್ಯುಲರ್ ಒಂದು ಟ್ಯಾಂಕ್, ತೊಳೆಯಲು.
5. ರೆಗ್ಯುಲರ್ ಒಂದು ಟ್ಯಾಂಕ್, ತಾಳೆ ನೋಡಲು.

ತೊಳೆಯುವ ಟ್ಯಾಂಕ್ ಯಾಕೆ? ಕಾಲು ಟ್ಯಾಂಕ್ ಉಳಿದಾಗ ನೀವು ತುಂಬಿಸುತ್ತೀರಿ. ಮೊದಲ ಸಲ 91 ಹಾಕಿದಾಗ ಒಳಗೆ ಕಾಲು ಭಾಗ 87 ಇರುವುದರಿಂದ ಮಿಶ್ರಣ ಸುಮಾರು 90 ಆಗುತ್ತದೆ. ಎರಡನೇ ಸಲ ಹಳೆಯದು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆ ಹೊತ್ತಿಗೆ ಇಂಜಿನ್ ಕಂಪ್ಯೂಟರ್ ಕೂಡ ಹೊಸ ಪೆಟ್ರೋಲಿಗೆ ಹೊಂದಿಕೊಂಡಿರುತ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹಾಕೋಣ ಅಂತ ಹೋಗಬೇಡಿ. ಫ್ಯೂಯೆಲ್ ಪಂಪ್ ತಣ್ಣಗಿರುವುದು ಪೆಟ್ರೋಲಿನಲ್ಲಿ ಮುಳುಗಿದ್ದರೆ. ಫ್ರೀವೇ ಮಧ್ಯೆ ನಿಂತರೆ ಅದು ಬೇರೆ ಕಥೆ.

ಐದನೇ ಸಾಲನ್ನು ಬಿಡಬೇಡಿ. ಕೊನೆಯ ರೆಗ್ಯುಲರ್ ಮೊದಲಿನ ಮೂರರ ಹತ್ತಿರಕ್ಕೆ ಬಂದು ಕೂತರೆ, ಮಧ್ಯದಲ್ಲಿ ಕಂಡ ಏರಿಕೆ ಪ್ರೀಮಿಯಮ್ಮಿನದೇ ಅನ್ನಬಹುದು. ಪ್ರೀಮಿಯಂ ಮಟ್ಟದಲ್ಲೇ ನಿಂತರೆ ಅದು ಪೆಟ್ರೋಲಿನದಲ್ಲ. ಶಾಲೆಗೆ ರಜೆ ಬಂದು ರಸ್ತೆ ಖಾಲಿಯಾಗಿರಬೇಕು.

ಓಡಾಟ ಎಂದಿನಂತೆ ಇರಲಿ. ಪ್ರೀಮಿಯಂ ಹಾಕಿದ ವಾರ ಪಿಕಪ್ ನೋಡೋಣ ಅಂತ ಕಾಲು ಒತ್ತುವವರೂ ಇದ್ದಾರೆ, ಮೈಲೇಜ್ ಬರಲಿ ಅಂತ ಮದುವೆ ಮೆರವಣಿಗೆ ಥರ ಹೋಗುವವರೂ ಇದ್ದಾರೆ. ಎರಡೂ ಬೇಡ. ಮಧ್ಯದಲ್ಲಿ ಉದ್ದದ ಪ್ರವಾಸ ಬಂದರೆ ಆ ಟ್ಯಾಂಕನ್ನು ಪಕ್ಕಕ್ಕಿಟ್ಟು ಇನ್ನೊಂದು ಸೇರಿಸಿಕೊಳ್ಳಿ.

## ಹಂತ 6: ಬರೆಯುವುದು, ಭಾಗಿಸುವುದು

ಪ್ರತಿ ಸಲ ಬರೆಯಬೇಕಾದ್ದು ತಾರೀಖು, ಓಡೋಮೀಟರ್, ಹಾಕಿದ ಗ್ಯಾಲನ್, ಗ್ರೇಡ್, ಬೆಲೆ. ಬದಿಯಲ್ಲಿ ಒಂದು ಪದ: 'ಸೆಖೆ', 'ಟ್ರಾಫಿಕ್', 'ಐದು ಜನ'.

ಇಲ್ಲೊಂದು ಹಳ್ಳ ಇದೆ, ಲೆಕ್ಕ ಬಲ್ಲವರೂ ಬೀಳುತ್ತಾರೆ. ಇವತ್ತು ನೀವು ಹಾಕಿದ ಗ್ಯಾಲನ್, ಇವತ್ತಿನವರೆಗೆ ಸುಟ್ಟ ಪೆಟ್ರೋಲಿನ ಲೆಕ್ಕ. ಅಂದರೆ ಮೊದಲ ಸಲ ಪ್ರೀಮಿಯಂ ಹಾಕಿದ ದಿನದ ರಸೀದಿ ಹೇಳುವುದು ರೆಗ್ಯುಲರ್ ಎಷ್ಟು ಖರ್ಚಾಯಿತು ಅನ್ನೋದನ್ನು. ರಸೀದಿ ಮೇಲೆ ಪ್ರೀಮಿಯಂ ಅಂತಿದೆಯಲ್ಲ ಅಂತ ಅದನ್ನು ಪ್ರೀಮಿಯಂ ಸಾಲಿಗೆ ಸೇರಿಸಿದರೆ ಇಡೀ ಪಟ್ಟಿ ಒಂದು ಮನೆ ಜರುಗುತ್ತದೆ. ನನ್ನ ಎರಡನೇ ಪರೀಕ್ಷೆ ಹೋಗಿದ್ದು ಇದರಲ್ಲೇ.

ಒಂದು ಮಾದರಿ ಲೆಕ್ಕ ಹಾಕೋಣ. ರೆಗ್ಯುಲರ್ ಮೂರು ಟ್ಯಾಂಕಿಗೆ 1,026 ಮೈಲಿ, 38 ಗ್ಯಾಲನ್. ಭಾಗಿಸಿದರೆ 27.0. ಪ್ರೀಮಿಯಂ ಮೂರು ಟ್ಯಾಂಕಿಗೆ 1,058 ಮೈಲಿ, 38 ಗ್ಯಾಲನ್. ಅದು 27.8. ಏರಿಕೆ ಸುಮಾರು ಶೇ. 3. ಊರಿನ ಲೆಕ್ಕದಲ್ಲಿ ಬೇಕಿದ್ದರೆ 0.425ರಿಂದ ಗುಣಿಸಿ, ಲೀಟರಿಗೆ 11.5 ಮತ್ತು 11.8 ಕಿ.ಮೀ.

ಖುಷಿಪಡುವ ಮೊದಲು ಒಂದು ಪರೀಕ್ಷೆ. ರೆಗ್ಯುಲರಿನ ಮೂರು ಟ್ಯಾಂಕನ್ನು ಬಿಡಿಬಿಡಿಯಾಗಿ ನೋಡಿ. ಅವು 26.8, 27.0, 27.2 ಹೀಗೆ ಹತ್ತಿರ ಹತ್ತಿರ ಇದ್ದರೆ 0.8ರ ಏರಿಕೆಗೆ ಅರ್ಥ ಇದೆ. ಅವೇ 26.2, 27.1, 27.7 ಅಂತ ಕುಣಿಯುತ್ತಿದ್ದರೆ ಒಂದೇ ಪೆಟ್ರೋಲಿನೊಳಗೇ 1.5ರ ವ್ಯತ್ಯಾಸ ಇದೆ. ಆಗ 0.8ನ್ನು ನಂಬುವ ಹಾಗಿಲ್ಲ. ಇನ್ನೂ ಮೂರು ಮೂರು ಟ್ಯಾಂಕ್ ಓಡಿಸಿ, ಇಲ್ಲ 'ನನ್ನ ಓಡಾಟದಲ್ಲಿ ಗೊತ್ತಾಗುವಷ್ಟು ವ್ಯತ್ಯಾಸ ಇಲ್ಲ' ಅಂತ ಬರೆದು ಮುಗಿಸಿ. ಅದೂ ಒಂದು ಉತ್ತರವೇ.

ವ್ಯತ್ಯಾಸ ನಿಜ ಅಂತಾದರೆ ದುಡ್ಡಿಗೆ ಬನ್ನಿ. 100 ಮೈಲಿಗೆ ರೆಗ್ಯುಲರ್ 3.70 ಗ್ಯಾಲನ್, 4.50ರಂತೆ 16.67 ಡಾಲರ್. ಪ್ರೀಮಿಯಂ 3.59 ಗ್ಯಾಲನ್, 4.95ರಂತೆ 17.78 ಡಾಲರ್. ನೂರು ಮೈಲಿಗೆ 1.11 ಡಾಲರ್ ಜಾಸ್ತಿ. ವರ್ಷಕ್ಕೆ 12,000 ಮೈಲಿ ಓಡಿಸಿದರೆ ಸುಮಾರು 133 ಡಾಲರ್. ಹೆಂಡತಿ ಅಥವಾ ಗಂಡನ ಹತ್ತಿರ ವಾದಕ್ಕೆ ಕೂರುವ ಮೊದಲು ಈ ಒಂದು ಸಂಖ್ಯೆ ಕೈಯಲ್ಲಿರಲಿ.

ಆ 133 ಡಾಲರಿಗೆ ಸಿಗುವುದೇನು? ಕೆಲವು ಕಂಪನಿಗಳು ತಾವೇ ಹೇಳಿಬಿಟ್ಟಿವೆ. 2009ರ ಹ್ಯುಂಡೈ ಜೆನೆಸಿಸ್ ವಿ8 ಸೆಡಾನ್‌ಗೆ ಪ್ರೀಮಿಯಂ ಹಾಕಿದರೆ 375 ಅಶ್ವಶಕ್ತಿ, ರೆಗ್ಯುಲರ್‌ಗೆ 368. ಈ ಏಳು ಯಾರಿಗೂ ಗೊತ್ತಾಗುವುದಿಲ್ಲ. 2018ರ ಮಜ್ದಾ6 ಸೆಡಾನ್‌ನ 2.5 ಲೀಟರ್ ಟರ್ಬೊ ಇಂಜಿನ್‌ಗೆ 93 ಹಾಕಿದರೆ 250, 87 ಹಾಕಿದರೆ 227. ಇದು ಗೊತ್ತಾಗಬಹುದು, ಅದೂ ಕಾಲು ಪೂರ್ತಿ ಒತ್ತಿದಾಗ. ಆಫೀಸಿಗೆ ಹೋಗುವ ದಾರಿಯಲ್ಲಿ ನೀವು ಎಷ್ಟು ಸಲ ಪೂರ್ತಿ ಒತ್ತುತ್ತೀರಿ?

## ಹಂತ 7: ಕಿವಿ ತೆರೆದಿಡಿ

ರೆಗ್ಯುಲರ್ ಹಾಕಿ ಓಡಿಸುವಾಗ ಗಮನಿಸಬೇಕಾದ್ದು ಸಪಾಟು ರಸ್ತೆಯಲ್ಲಲ್ಲ, ಏರಿನಲ್ಲಿ. ಒಂದು ಜುಲೈ ಮಧ್ಯಾಹ್ನ ಕ್ಯಾಲಿಫೋರ್ನಿಯಾದ ಫ್ರಿಮಾಂಟ್‌ನಿಂದ ಸುನೋಲ್ ಏರು ಹತ್ತುತ್ತಿದ್ದೆ. ಎಸಿ ಫುಲ್, ಕಾರಲ್ಲಿ ಐದು ಜನ, ಊರಿಂದ ಬಂದಿದ್ದ ಅಪ್ಪ ಮುಂದಿನ ಸೀಟಿನಲ್ಲಿ. ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಸಣ್ಣ ಸದ್ದು. ನನಗೆ ಕೇಳಿಸಿರಲೇ ಇಲ್ಲ. ಅಪ್ಪ ಮಾತು ನಿಲ್ಲಿಸಿ, "ಲೋ, ಇಂಜಿನ್ ಹೊಡ್ಕೊಳ್ತಿದೆ, ಗೇರ್ ಇಳಿಸೋ" ಅಂದರು. ಆಟೊಮ್ಯಾಟಿಕ್ ಕಾರು. ಆದರೂ ಹೇಳಿದ್ದು ಸರಿ. ಒಂದು ಗೇರ್ ಇಳಿಸಿ ಕಾಲು ಸಡಿಲಿಸಿದ ಮೇಲೆ ಸದ್ದು ನಿಂತಿತು.

ಒಂದೆರಡು ಕ್ಷಣ ಕೇಳಿ ನಿಂತರೆ ಸೆನ್ಸರ್ ತನ್ನ ಕೆಲಸ ಮಾಡಿದೆ ಅಂತ. ಏರಿನುದ್ದಕ್ಕೂ ಕೇಳುತ್ತಲೇ ಇದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ಪ್ರೀಮಿಯಂ ಹಾಕಿ. ಪ್ರೀಮಿಯಂ ಹಾಕಿದ ಮೇಲೂ ಕೇಳಿದರೆ ದೋಷ ಪೆಟ್ರೋಲಿನದಲ್ಲ, ಮೆಕ್ಯಾನಿಕ್ ಹತ್ತಿರ ಹೋಗಿ. ಚೆಕ್ ಇಂಜಿನ್ ದೀಪ ಸುಮ್ಮನೆ ಹತ್ತಿಕೊಂಡಿದ್ದರೆ ಬೇಗ ತೋರಿಸಿ. ಮಿಣುಕುತ್ತಿದ್ದರೆ ಸುರಕ್ಷಿತ ಜಾಗ ನೋಡಿ ಕಾರು ನಿಲ್ಲಿಸಿ, ಮನೆವರೆಗೆ ಹೋಗೋಣ ಅನ್ನಬೇಡಿ.

'ರಿಕ್ವೈರ್ಡ್' ಕಾರಿಗೆ ಅಪ್ಪಿತಪ್ಪಿ 87 ಹಾಕಿಬಿಟ್ಟರೆ ಗಾಬರಿ ಬೇಡ. ಕಾಲು ಹಗುರ ಇಟ್ಟು ಓಡಿಸಿ, ಅರ್ಧ ಟ್ಯಾಂಕ್ ಆದಾಗ ಪ್ರೀಮಿಯಂ ತುಂಬಿಸಿ. ಡೆನ್ವರ್ ಕಡೆ ಹೋಗುವವರು ಮಾತ್ರ ಹುಷಾರು. ಅಲ್ಲಿ 'ರೆಗ್ಯುಲರ್' ಅಂದರೆ 85. ಹೆಸರು ನೋಡಿ ಒತ್ತಬೇಡಿ, ಪಂಪ್ ಮೇಲಿನ ಹಳದಿ ಚೀಟಿಯ ಸಂಖ್ಯೆ ನೋಡಿ.

## ಬೆಂಗಳೂರಿನ ಸಂಖ್ಯೆ, ಇಲ್ಲಿನ ಸಂಖ್ಯೆ

ಊರಿಂದ ಹೊಸದಾಗಿ ಬಂದವರು 'ಅಲ್ಲಿ 91 ಹಾಕ್ತಿದ್ದೆ, ಇಲ್ಲಿ 87 ಕಳಪೆ' ಅಂತ ಪ್ರೀಮಿಯಂ ಒತ್ತುತ್ತಾರೆ. ಅಳತೆಗೋಲು ಬೇರೆ, ಅಷ್ಟೆ. ಭಾರತದಲ್ಲಿ ಬರೆಯುವುದು ಆರ್‌ಓಎನ್ (ರಿಸರ್ಚ್ ಆಕ್ಟೇನ್ ನಂಬರ್) ಸಂಖ್ಯೆ. ಅಮೆರಿಕದಲ್ಲಿ ಆರ್‌ಓಎನ್ ಮತ್ತು ಎಂಓಎನ್ (ಮೋಟರ್ ಆಕ್ಟೇನ್ ನಂಬರ್, ಇನ್ನೂ ಕಠಿಣ ಪರೀಕ್ಷೆಯದು) ಎರಡರ ಸರಾಸರಿ. ಇಲ್ಲಿನ 87 ಹೆಚ್ಚುಕಡಿಮೆ ಅಲ್ಲಿನ 91. ಇಲ್ಲಿನ 91 ಅಲ್ಲಿನ 95ರ ಸುಮಾರು. ಬೆಂಗಳೂರಲ್ಲಿ ಜರ್ಮನ್ ಸೆಡಾನ್ ಇಟ್ಟುಕೊಂಡವರು ಮುಚ್ಚಳದಲ್ಲಿ 95 ಅಂತ ನೋಡಿದರೆ ಅದು ಆರ್‌ಓಎನ್. ಅಲ್ಲೂ ಸರದಿ ಇದೇ, ನೋಟ್‌ಬುಕ್ ಇದೇ. ಎರಡೂ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಒಂದೇ ಇದೆಯಾ ಅಂತ ಬಂಕಿನಲ್ಲಿ ಕೇಳಿ ಶುರು ಮಾಡಿ.

ನಾನೀಗ ಆಫೀಸಿನ ಓಡಾಟಕ್ಕೆ 87 ಹಾಕುತ್ತೇನೆ. ಟಾಹೋ ಸರೋವರದ ಬೆಟ್ಟಗಳ ಕಡೆ ಹೊರಟರೆ, ಅಥವಾ ಅಪ್ಪ ಬಂದಿದ್ದರೆ, 91.